ಬೀದರ ಸೀಮೆಯ ಅಲ್ಪಸಂಖ್ಯಾತರೂ ಎಳೆಯರೂ

ಅಲ್ಪಸಂಖ್ಯಾತರೆಂಬ ಮಾತು ಎಣಿಕೆಯಿಂದ ಹುಟ್ಟಿದುದಾದರೂ, ಬೀದರ ಸೀಮೆಯ ಚರಿತ್ರೆಯಲ್ಲಿ ಎಣಿಕೆಯೊಂದೇ ಅದರ ಅರ್ಥವನ್ನು ನಿರ್ಣಯಿಸಲಿಲ್ಲ. ನಿಜಾಮರ ರಾಜ್ಯದಲ್ಲಿ ಆಳುವವರ ಮತದವರು ಪ್ರಜೆಗಳಲ್ಲಿ ಕಡಿಮೆ ಸಂಖ್ಯೆಯವರು. ಆದರೂ ಕಚೇರಿಯ ಭಾಷೆ ಉರ್ದು. ಕನ್ನಡವನ್ನಾಡುವವರು ಇಡೀ ಸಂಸ್ಥಾನದಲ್ಲಿ ನೂರಕ್ಕೆ ಸುಮಾರು ೧೧ ಮಂದಿ. ಹೀಗಾಗಿ ಮನ್ನಳ್ಳಿಯಂತಹ ಹಳ್ಳಿಯ ಒಕ್ಕಲು ಮನೆಯ ಹುಡುಗನು ಮತದ ಲೆಕ್ಕದಲ್ಲಿ ಬಹುಸಂಖ್ಯಾತನೂ ಮಾತಿನ ಲೆಕ್ಕದಲ್ಲಿ ಅಲ್ಪಸಂಖ್ಯಾತನೂ ಆಗಿದ್ದನು. ಬಡ ಮುಸಲ್ಮಾನ ಕೂಲಿಯ ಮಗನಿಗೆ ಅರಸನ ಮತದಿಂದ ಎಷ್ಟು ಪ್ರಯೋಜನವಾಯಿತೆಂಬುದು ಬೇರೆಯೇ ಪ್ರಶ್ನೆ.

ಮತಗಳ ನಡುವೆ ಇಲ್ಲಿ ಗೋಡೆಯೇ ಇತ್ತೆಂದು ಭಾವಿಸಲಾಗದು. ೧೪೨೨ರಿಂದ ೧೪೩೬ರವರೆಗೆ ಆಳಿ ಬೀದರವನ್ನು ರಾಜಧಾನಿಯಾಗಿ ಮಾಡಿದ ಬಹಮನಿ ಸುಲ್ತಾನ ಅಹಮದಶಾಹನನ್ನು ಮುಸಲ್ಮಾನರು ವಲಿಯೆಂದರೆ, ಲಿಂಗವಂತರು ಅಲ್ಲಮಪ್ರಭುವಿನ ಅಂಶವೆಂದು ನಂಬಿದರು. ಅಷ್ಟೂರಿನಲ್ಲಿರುವ ಅವನ ಗೋರಿಯ ಉರುಸಿಗೆ ಕಲಬುರ್ಗಿ ಕಡೆಯ ಮಾಡಿಯಾಳದಿಂದ ಜಂಗಮರು ಬರುವ ಪದ್ಧತಿಯಿದೆ. ಗಿಲಾನಿನಿಂದ ಬಂದ ಮಹಮೂದ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸೆಯ ಗ್ರಂಥಭಾಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಹೇಳುವರು. ಆದರೆ ದೇಶೀಯರಿಗೂ ಪರದೇಶಿಗಳಿಗೂ ನಡೆದ ಕಲಹದಲ್ಲಿ ಒಂದು ಕೃತ್ರಿಮ ಪತ್ರವನ್ನು ನಂಬಿ ಸುಲ್ತಾನನು ೧೪೮೧ರಲ್ಲಿ ಆ ಮಂತ್ರಿಯ ತಲೆ ತೆಗೆಸಿದನು. ಅರಸನೂ ಮಂತ್ರಿಯೂ ಒಂದೇ ಮತದವರು. ಹೊರಗಿನವನೆಂಬ ಹೆಸರೇ ಅವನಿಗೆ ಮುಳುವಾಯಿತು.

ಎಳೆಯರ ವಿಷಯಕ್ಕೆ ಬಂದರೆ ಭಾಲ್ಕಿಯ ಹಿರೇಮಠವನ್ನು ನೋಡಬೇಕು. ೧೮೯೦ರಲ್ಲಿ ಕಮಲನಗರದಲ್ಲಿ ಜನಿಸಿದ ಚನ್ನಬಸವ ಪಟ್ಟದ್ದೇವರು ಆ ಮಠದ ಅಧಿಪತಿಗಳಾದ ಕಾಲದಲ್ಲಿ ಕನ್ನಡ ಶಾಲೆಯನ್ನು ನಡೆಸುವುದು ಸರಕಾರಕ್ಕೆ ಹಿತವಾದ ಕಾರ್ಯವಾಗಿರಲಿಲ್ಲ. ಅವರು ಹೊರಗೆ ಉರ್ದು ಫಲಕವನ್ನು ತೂಗಹಾಕಿಸಿ ಒಳಗೆ ಕನ್ನಡವನ್ನು ಕಲಿಸಿದರು. ಇದನ್ನು ಉರ್ದುವಿನ ದ್ವೇಷವೆಂದು ತಿಳಿಯುವುದು ತಪ್ಪು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿಯಾದಾಗ ಏಳೆಂಟು ವರ್ಷದ ಮಗುವು ಮೊದಲು ಕಲಿಯುವುದು ಅಕ್ಷರವನ್ನಲ್ಲ, ಮೌನವನ್ನು. ಅದನ್ನು ಅರಿತವರು ಅವರು. ಕೆಳಗಿನವರೆನಿಸಿಕೊಂಡ ಕುಲಗಳ ಮಕ್ಕಳನ್ನೂ ಅವರು ಇತರರೊಡನೆ ಕೂರಿಸಿದರು. ಭಾಷೆಗಾಗಿ ದೊರೆಯನ್ನು ಎದುರಿಸುವುದಕ್ಕಿಂತ, ಪಂಕ್ತಿಗಾಗಿ ತಮ್ಮವರನ್ನೇ ಎದುರಿಸುವುದು ಮಠಾಧಿಪತಿಗೆ ಕಷ್ಟತರವೆಂಬುದನ್ನು ಬಲ್ಲವರು ಬಲ್ಲರು. ೧೯೯೯ರಲ್ಲಿ ಲಿಂಗೈಕ್ಯರಾಗುವ ವೇಳೆಗೆ ಅವರು ನೂರು ವರ್ಷಗಳನ್ನು ದಾಟಿದ್ದರು.

ಇದೇ ಸೀಮೆಯು ೧೯೪೮ರಲ್ಲಿ ಎರಡು ಬಾರಿ ನಡುಗಿತು. ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದ ಮೇಲೆ ರಜಾಕಾರರು ಬಿದ್ದು ಹಿಂದುಗಳನ್ನು ಕೊಂದರು. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂದು ನಿಜಾಮರ ಆಳಿಕೆ ಮುಗಿದ ಬಳಿಕ ಸೇಡು ಮುಸಲ್ಮಾನರ ಮೇಲೆ ತಿರುಗಿತು. ನೆಹರೂ ಅವರು ಕಳುಹಿದ ಪಂಡಿತ ಸುಂದರಲಾಲ, ಖಾಜಿ ಅಬ್ದುಲ್ ಗಫಾರ್ ಮುಂತಾದವರ ಮಂಡಲಿಯು ಸಂಸ್ಥಾನದಲ್ಲಿ ೨೭,೦೦೦ದಿಂದ ೪೦,೦೦೦ ಜನ ಸತ್ತಿರಬಹುದೆಂದು ಅಂದಾಜು ಮಾಡಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಆ ವರದಿಯನ್ನು ಸರಕಾರವು ಬಹುಕಾಲ ಪ್ರಕಟಿಸಲಿಲ್ಲ. ಗೋರ್ಟಾದ ಸ್ಮರಣೆ ನಡೆಯುವಷ್ಟು ಇದರ ಸ್ಮರಣೆ ನಡೆಯದಿರುವುದು ನ್ಯಾಯವಲ್ಲ; ಒಂದನ್ನು ಹೇಳುವುದಕ್ಕಾಗಿ ಇನ್ನೊಂದನ್ನು ಮರೆಸುವುದೂ ನ್ಯಾಯವಲ್ಲ.

೧೯೫೦ರ ಸಂವಿಧಾನವು ೨೯ ಮತ್ತು ೩೦ನೆಯ ವಿಧಿಗಳಿಂದ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆ, ಲಿಪಿಗಳನ್ನು ಉಳಿಸಿಕೊಳ್ಳುವ, ವಿದ್ಯಾಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಕೊಟ್ಟಿತು. ೧೯೫೬ರ ನವೆಂಬರ್ ೧ರಂದು ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. ಉದಗೀರ, ನಿಲಂಗಾ ಮೊದಲಾದ ತಾಲೂಕುಗಳು ಬೇರೆಡೆಗೆ ಹೋದುವು. ಅದೇ ವರ್ಷ ಸಂವಿಧಾನಕ್ಕೆ ಕೂಡಿದ ೩೫೦ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮೊದಲ ಹಂತದ ಶಿಕ್ಷಣವನ್ನು ಮಾತೃಭಾಷೆಯಲ್ಲಿ ಒದಗಿಸಬೇಕೆನ್ನುತ್ತದೆ. ನಿನ್ನೆಯವರೆಗೆ ಕನ್ನಡದ ಹುಡುಗನು ಕೇಳಿದುದನ್ನೇ ಇನ್ನು ಮೇಲೆ ಔರಾದದ ಮರಾಠಿ ಹುಡುಗನೂ ಬೀದರದ ಉರ್ದು ಹುಡುಗಿಯೂ ಕೇಳುವಂತಾಯಿತು.

ಸಿಖ್ಖರ ಸಂಬಂಧವು ಇನ್ನೂ ಪುರಾತನವಾದುದು. ಗುರು ನಾನಕರು ಇಲ್ಲಿಗೆ ಬಂದು ಝರಿಯನ್ನು ಚಿಮ್ಮಿಸಿದರೆಂಬ ನಂಬಿಕೆಯುಂಟು. ೧೬೯೯ರಲ್ಲಿ ಗುರು ಗೋವಿಂದ ಸಿಂಹರ ಕರೆಗೆ ತಲೆಯೊಡ್ಡಿದ ಐವರು ಪ್ರಿಯರಲ್ಲಿ ಭಾಯಿ ಸಾಹಿಬ ಸಿಂಹನು ಬೀದರದ ಕ್ಷೌರಿಕ. ಇಷ್ಟೆಲ್ಲ ಇದ್ದೂ ೧೯೮೮ರ ಸೆಪ್ಟೆಂಬರಿನಲ್ಲಿ ದೂರದಿಂದ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ಈ ನಗರದಲ್ಲಿ ಜನರ ಗುಂಪುಗಳು ಎರಗಿದುವು. ಆರು ಮಂದಿ ತರುಣರಾದರೂ ಪ್ರಾಣ ಕಳೆದುಕೊಂಡರು. ಓದಿಗೆಂದು ಮಗನನ್ನು ಕಳುಹಿದ ತಂದೆತಾಯಿಗಳ ಮನೆಗೆ ಬೀದರದಿಂದ ಹೋದುದು ಆ ಸುದ್ದಿ. ಝರಿಯ ಗುರುದ್ವಾರದಲ್ಲಿ ಲಂಗರು ಇಂದಿಗೂ ನಡೆಯುತ್ತಿದೆ. ಅಲ್ಲಿ ಉಣ್ಣಲು ಕುಳಿತವನ ಮತವನ್ನು ಕೇಳುವವರಿಲ್ಲ.