ಅಮ್ಮನಿಗೆ ಬರೆದ ಸಮುದ್ರ

ದೂರ ಹೋದ ಮಗನ ಕಾಗದಕ್ಕಾಗಿ ಅಂಚೆಯವನ ದಾರಿ ಕಾಯುವುದೆಂದರೇನು ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತು. ಹಾಗೆ ಕಾದಿದ್ದ ಒಬ್ಬ ತಾಯಿಯ ಕಥೆ ಇದು.

ಶಾಲೆಯ ಚರಿತ್ರೆಯಲ್ಲಿ ಲಾರ್ಡ್ ಡಫರಿನ್ ಎಂಬ ವೈಸರಾಯ್ ಬರುತ್ತಾನೆ. 1884ರಿಂದ 1888ರವರೆಗೆ ಭಾರತವನ್ನಾಳಿದವನು. ಅವನ ಕಾಲದಲ್ಲಿ ಕಾಂಗ್ರೆಸ್ ಹುಟ್ಟಿತು, ಮೇಲಣ ಬರ್ಮಾ ಬ್ರಿಟಿಷರ ಪಾಲಾಯಿತು ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತಿದ್ದೇವೆ. ಹೆಂಗಸರ ಆಸ್ಪತ್ರೆಗಳಿಗಾಗಿ 1885ರಲ್ಲಿ ನಿಧಿ ಸ್ಥಾಪಿಸಿದ ಲೇಡಿ ಡಫರಿನ್ ಇವನ ಹೆಂಡತಿ. ಆದರೆ ನಾನು ಹೇಳಹೊರಟಿರುವುದು ಅದಕ್ಕೂ ಸುಮಾರು ಮೂವತ್ತು ವರ್ಷ ಹಿಂದಿನ ಮಾತು.

1856ರ ಬೇಸಿಗೆ. ಮೂವತ್ತರ ಅವಿವಾಹಿತ ಡಫರಿನ್, 'ಫೋಮ್' ಎಂಬ ಪುಟ್ಟ ಹಾಯಿಹಡಗಿನಲ್ಲಿ ಉತ್ತರಕ್ಕೆ ಹೊರಟ. ಜೊತೆಗೆ ಫೋಟೋ ತೆಗೆಯುವ ವೈದ್ಯಮಿತ್ರ ಫಿಟ್ಸ್‌ಜೆರಾಲ್ಡ್, ಐಸ್‌ಲೆಂಡಿನ ಸಿಗುರ್ದುರ್ ಎಂಬ ತರುಣ, ಮತ್ತು ಹವೆ ಹೇಗಿದೆ ಎಂದು ಕೇಳಿದರೆ ಕೆಟ್ಟ ಸುದ್ದಿಯನ್ನೇ ಹೇಳುವ ಸೇವಕ ವಿಲ್ಸನ್. ರೇಕ್ಯಾವಿಕ್‌ನಲ್ಲಿ ಔತಣ ನಡೆದಾಗ ಭಾಷೆ ಬಾರದ ಅತಿಥಿ ಲ್ಯಾಟಿನ್ನಿನಲ್ಲಿ ಭಾಷಣ ಬಿಗಿದ. ಬಿಸಿನೀರಿನ ಗೀಸಿರ್ ಬುಗ್ಗೆ ಚಿಮ್ಮುವುದನ್ನು ನೋಡಲು ಮೂರು ದಿನ ಕಾದು ಕುಳಿತರು. ಇದನ್ನೆಲ್ಲ ಅವನು ಪತ್ರಗಳಲ್ಲಿ ಬರೆದದ್ದು ತಾಯಿ ಹೆಲೆನ್‌ಳಿಗೆ. ಆಕೆ 1841ರಲ್ಲೇ ವಿಧವೆಯಾದವಳು. ಇವನು ಒಬ್ಬನೇ ಮಗ.

ಹಡಗಿನಲ್ಲೊಂದು ಹುಂಜವಿತ್ತು, ಸ್ಕಾಟ್ಲೆಂಡಿನ ಸ್ಟಾರ್ನೊವೇಯಲ್ಲಿ ಹತ್ತಿಸಿಕೊಂಡದ್ದು. ಬೆಳಗಾಯಿತೆಂದು ಕೂಗುವುದು ಅದರ ಕಾಯಕ. ರಾತ್ರಿಯೇ ಆಗದ ಕಡೆ ಅದು ಎಷ್ಟು ಹೊತ್ತಿಗೆ ಕೂಗಬೇಕು? ಪಾಪದ ಜೀವಕ್ಕೆ ತಲೆ ಕೆಟ್ಟು, ಕೊನೆಗೆ ಕಡಲಿಗೇ ಹಾರಿಬಿಟ್ಟಿತು. ಓದುವಾಗ ನಗು ಬರುತ್ತದೆ, ಆಮೇಲೆ ಯಾಕೋ ಮನಸ್ಸು ಮುದುಡುತ್ತದೆ.

ಮುಂದಿನ ಗುರಿ ಯಾನ್ ಮಾಯೆನ್, ಜನವಸತಿಯಿಲ್ಲದ ದ್ವೀಪ. ಫ್ರಾನ್ಸಿನ ರಾಜಕುಮಾರ ನೆಪೋಲಿಯನ್ನನ ಉಗಿಹಡಗು 'ಫೋಮ್' ಅನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೊರಟಿತು. ಹಿಮಗಡ್ಡೆಗಳ ನಡುವೆ, ಕಲ್ಲಿದ್ದಲು ಸಾಲದೆ ಅದು ಹಿಂದಿರುಗಿತು. ಪುಟ್ಟ ಹಾಯಿಹಡಗು ಮಾತ್ರ ಒಂಟಿಯಾಗಿ ಮುಂದುವರಿಯಿತು. ಮಂಜು ಸರಿದಾಗ 2,200 ಮೀಟರಿಗೂ ಎತ್ತರದ ಬೇರೆನ್‌ಬರ್ಗ್ ಶಿಖರ ಆಕಾಶದಲ್ಲೇ ತೇಲುತ್ತಿರುವಂತೆ ಕಂಡಿತು. ಅಲ್ಲಿಂದ ಯಾವ ಅಂಚೆ? ನಾರ್ವೆಯ ಹಮ್ಮರ್‌ಫೆಸ್ಟ್ ಮುಟ್ಟುವ ತನಕ ಮಗ ಬದುಕಿದ್ದಾನೋ ಇಲ್ಲವೋ ಎಂಬುದು ತಾಯಿಗೆ ತಿಳಿಯುವಂತಿರಲಿಲ್ಲ.

ಆಗಸ್ಟಿನಲ್ಲಿ ಸ್ಪಿಟ್ಸ್‌ಬರ್ಗೆನ್. ಆ ನಿರ್ಜನ ತೀರದಲ್ಲಿ ಅವರಿಗೆ ನೆಲದ ಮೇಲೆಯೇ ತೆರೆದು ಬಿದ್ದಿದ್ದ ಒಂದು ಶವಪೆಟ್ಟಿಗೆ ಕಂಡಿತು. ಹೆಪ್ಪುಗಟ್ಟಿದ ಮಣ್ಣನ್ನು ಅಗೆಯುವವರಾರು? ಒಳಗಿದ್ದವು 1758ರಲ್ಲಿ, ನಲವತ್ತನಾಲ್ಕರ ಪ್ರಾಯದಲ್ಲಿ ಸತ್ತ ಡಚ್ ನಾವಿಕನೊಬ್ಬನ ಮೂಳೆಗಳು. ಅವನಿಗೂ ತಾಯಿಯೊಬ್ಬಳು ಇದ್ದಿರಲೇಬೇಕು. ಹವ್ಯಾಸಕ್ಕೆ ಹಡಗು ಹತ್ತಿದ ಶ್ರೀಮಂತನ ಪತ್ರಗಳು 1857ರಲ್ಲಿ ಪುಸ್ತಕವಾಗಿ ಹೆಸರು ಮಾಡಿದವು. ಹೊಟ್ಟೆಪಾಡಿಗೆ ಹೋದವನಿಂದ ನಮಗೆ ಉಳಿದದ್ದು ಒಂದು ಹೆಸರು, ಒಂದು ತಾರೀಖು.

ಹೆಲೆನ್ ಬರಿಯ ಕಾಯುವ ತಾಯಿಯಾಗಿರಲಿಲ್ಲ. ನಾಟಕಕಾರ ಶೆರಿಡನ್ನನ ಮೊಮ್ಮಗಳು, ಸ್ವತಃ ಹಾಡು ಕಟ್ಟಿದವಳು. ಮಗನೊಡನೆ ಈಜಿಪ್ಟ್ ನೋಡಿ ಬಂದು, 1863ರಲ್ಲಿ ತಾನೂ ಒಂದು ಪುಸ್ತಕ ತಂದಳು. ಮಗನದು ಉತ್ತರದ ಎತ್ತರದ ಅಕ್ಷಾಂಶಗಳಿಂದ ಬರೆದ ಪತ್ರಗಳು. ತಾಯಿಯದು ಕೆಳಗಿನ ಅಕ್ಷಾಂಶಗಳಿಂದ ಬಂದ ತೊದಲು ಮಾತುಗಳು! ಒಬ್ಬಂಟಿ ಹೆಂಗಸು ಪ್ರವಾಸ ಹೊರಟರೆ ಏನೆಲ್ಲ ಪಾಡು ಪಡುತ್ತಾಳೆ ಎಂಬ ನಗೆಬರಹ ಅದು. ಬರೆದವಳ ಹೆಸರಿನ ಜಾಗದಲ್ಲಿ ಮಾತ್ರ ಕಲ್ಪನೆಯ ಹೆಣ್ಣೊಬ್ಬಳ ಹೆಸರು.

ಮಗ ತಾಯಿಯ ಹೆಸರಿನಲ್ಲಿ ಐರ್ಲೆಂಡಿನ ತನ್ನ ಜಮೀನಿನಲ್ಲಿ ಕಟ್ಟಿಸಿದ ಗೋಪುರ 1861ರಲ್ಲೇ ಮುಗಿದಿತ್ತು. ಅದು ಇಂದಿಗೂ ನಿಂತಿದೆ. ನನಗೇಕೋ ಆ ಕಲ್ಲಿನ ಗೋಪುರಕ್ಕಿಂತ ಆಕೆಯ ತುಂಟ ಪುಸ್ತಕವೇ ಹೆಚ್ಚು ಹಿಡಿಸುತ್ತದೆ. ವರ್ಷಗಟ್ಟಲೆ ಕಾಗದ ಓದಿದವಳು, ಒಂದು ದಿನ ಉತ್ತರ ಬರೆದಳಲ್ಲ!