ಫ್ರಾಂಕಿ ನಕಲ್ಸ್: ತಟ್ಟೆ ಉಳೀತು, ರಾತ್ರಿ ಉಳೀತಾ?

ಪುಣೆ, ಹೈದರಾಬಾದ್ ಪಬ್‌ಗಳಲ್ಲಿ ನೀವು ಕೇಳೋ 'ಹೌಸ್' ಸಂಗೀತಕ್ಕೆ ಆ ಹೆಸರು ಬಂದಿದ್ದು ಶಿಕಾಗೋದ 'ವೇರ್‌ಹೌಸ್' ಕ್ಲಬ್ಬಿಂದ. 1977ರಿಂದ 1982ರವರೆಗೆ ಅಲ್ಲಿ ಡಿಜೆ ಆಗಿದ್ದವರು ಫ್ರಾಂಕಿ ನಕಲ್ಸ್. ನಮ್ಮ ಹಾಗೇ ಕೆಲಸಕ್ಕಾಗಿ ಊರು ಬಿಟ್ಟವರು, ನ್ಯೂಯಾರ್ಕಿನವರು. ಅಲ್ಲಿಗೆ ಬರ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಸಲಿಂಗಿ ಯುವಕರು. ಹೊರಗೆ ಅವಮಾನ ಉಂಡವರಿಗೆ ಅದು ಮನೆಯಾಗಿತ್ತು.

ಫ್ರಾಂಕಿ ಟೇಪ್ ಕತ್ತರಿಸಿ ಅಂಟಿಸಿ, ಹಳೇ ಡಿಸ್ಕೋ ಹಾಡುಗಳನ್ನ ಕುಣಿಯೋರಿಗೆ ತಕ್ಕಂತೆ ಉದ್ದ ಮಾಡ್ತಿದ್ರು. 2014ರ ಮಾರ್ಚ್ 31ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ರೆಕಾರ್ಡ್ ಸಂಗ್ರಹ ಈಗ ಶಿಕಾಗೋದ ಸ್ಟೋನಿ ಐಲೆಂಡ್ ಆರ್ಟ್ಸ್ ಬ್ಯಾಂಕಿನಲ್ಲಿದೆ. ಅದು 1923ರ ಬ್ಯಾಂಕ್ ಕಟ್ಟಡ. ಪಾಳುಬಿದ್ದಿದ್ದನ್ನ ಕಲಾವಿದ ಥಿಯಾಸ್ಟರ್ ಗೇಟ್ಸ್ ಉಳಿಸಿ, 2015ರಲ್ಲಿ ತೆರೆದರು. ವೇರ್‌ಹೌಸ್ ಕಟ್ಟಡಕ್ಕೂ 2023ರಲ್ಲಿ ನಗರದ ಸ್ಮಾರಕದ ಮಾನ್ಯತೆ ಸಿಕ್ತು.

ಆದ್ರೆ ತಟ್ಟೆಗಳು, ಗೋಡೆಗಳು ಉಳಿದ್ರೆ ಡಿಜೆ ಉಳಿದ ಹಾಗಾ? ಅರ್ಧ ಮಾತ್ರ ಅಂತೀನಿ ನಾನು. ತಟ್ಟೆಯಲ್ಲಿರೋ ಹಾಡು ಹೆಚ್ಚಾಗಿ ಬೇರೆಯವರದು. ಯಾವುದರ ಬೆನ್ನಿಗೆ ಯಾವುದು, ಎಷ್ಟು ಹೊತ್ತು, ಯಾವ ಗಳಿಗೆಯಲ್ಲಿ ಅನ್ನೋದೇ ಅವರ ಕಲೆ. ಅದು ಸಿಗೋದು ಆ ರಾತ್ರಿ ರೆಕಾರ್ಡ್ ಮಾಡಿದ ಟೇಪಿನಲ್ಲಿ ಮಾತ್ರ. ಟೇಪಿನ ಕಾಂತೀಯ ಲೇಪನವೋ ವರ್ಷ ಕಳೆದಂತೆ ಸವೆಯುತ್ತೆ, ಉದುರುತ್ತೆ.

ಹಾಗಾಗಿ ಡಿಜಿಟಲ್ ಪ್ರತಿ ಬೇಗ ಆಗಬೇಕು. ಜೊತೆಗೆ ತಾರೀಖು, ಜಾಗ, ನುಡಿಸಿದವರ ಹೆಸರೂ ಬರೆದಿಡಬೇಕು. ಹೆಸರಿಲ್ಲದ ಫೈಲ್ ಇದ್ದೂ ಇಲ್ಲದ ಹಾಗೆ. ಇದನ್ನ ನಮ್ಮ ಐಟಿಯವರಿಗೆ ನಾನು ಬಿಡಿಸಿ ಹೇಳ್ಬೇಕಾ?