ಸಿಂಕ್
ಗ್ರೀಕಿನ ‘ಸಿನ್’ ಎಂದರೆ ಜೊತೆಗೆ, ‘ಕ್ರೋನೋಸ್’ ಎಂದರೆ ಕಾಲ. ಎರಡೂ ಕೂಡಿ ಇಂಗ್ಲಿಷಿನ ‘ಸಿಂಕ್ರೊನೈಸ್’ ಆಯಿತು. ಬಾಲ ಕತ್ತರಿಸಿಕೊಂಡು ‘ಸಿಂಕ್’ ಆಗಿ ನಮ್ಮ ಡಬ್ಬಿಂಗ್ ಕೋಣೆಗೂ ಬಂತು. ‘ಲಿಪ್ ಸಿಂಕ್ ಆಗ್ತಿಲ್ಲ’ ಎಂದರೆ ಮಾತು ತುಟಿಗೆ ಕೂತಿಲ್ಲ ಎಂದು.

ರೆಕಾರ್ಡಿಂಗಿನಲ್ಲಿ ಅರ್ಥ ಇನ್ನೂ ಬಿಗಿ. ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಬೆಸೆಯಲು 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಕಂಪ್ಯೂಟರು ಡ್ರಮ್ ಮಷೀನಿಗೆ ಸಾಮಾನ್ಯವಾಗಿ ಬೀಟಿಗೆ 24 ಮಿಡಿತ ಕಳಿಸುತ್ತದೆ (ಹೆಸರಿಗೂ ಮಿಡಿತಕ್ಕೂ ನಂಟಿಲ್ಲ, ಕಾಕತಾಳೀಯ). ಅದನ್ನೆಣಿಸುತ್ತ ಯಂತ್ರ ಹೆಜ್ಜೆ ಹಾಕುತ್ತದೆ. ಈ ಮಿಡಿತಕ್ಕೆ ವೇಗ ಗೊತ್ತು, ಹೊತ್ತು ಗೊತ್ತಿಲ್ಲ. ಸಿನಿಮಾ ದೃಶ್ಯಕ್ಕೆ ಸಂಗೀತ ಕೂರಿಸಲು ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಹೇಳುವ ಟೈಮ್‌ಕೋಡ್ ಬೇಕು. ಮಿಡಿಯಲ್ಲಿ ಮಿಡಿತ ಕಳಿಸುವ ಯಂತ್ರವೇ ಯಜಮಾನ. 2016ರಲ್ಲಿ ಬಂದ ಏಬಲ್ಟನ್ ಲಿಂಕ್ ಎಂಬ ಸಿಂಕ್ ವ್ಯವಸ್ಥೆಯಲ್ಲಂತೂ ಯಜಮಾನನೇ ಇಲ್ಲ: ಒಂದೇ ನೆಟ್‌ವರ್ಕಿನ ಯಾವ ಕಂಪ್ಯೂಟರಿನಲ್ಲಿ ಟೆಂಪೊ ಬದಲಿಸಿದರೂ ಉಳಿದವು ಹಿಂಬಾಲಿಸುತ್ತವೆ.

‘ಸಮಕಾಲೀಕರಣ’ ಎಂದು ಬರೆಯುವವರಿದ್ದಾರೆ. ಆಡುಮಾತಿಗೆ ಅದು ಭಾರ.